ಒಂದು ಕೆಟ್ಟ ಮಾತೂ ಆಡದ ಮೀಟಿಂಗು

ಗಿಲೇನಳಿಗೆ ಮೈಯೆಲ್ಲ ಉರಿಯುತ್ತಿತ್ತು. ರೋಆನ್ ಊರಿನ ಹೆಣಿಗೆ ಮಿಲ್ಲಿನಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಇಪ್ಪತ್ತಾರು ವರ್ಷದಿಂದ ಅವಳೇ ಮೇಸ್ತ್ರಿ. ವಿಭಾಗ ಬೇಸಿಗೆಗೆ ಮುಚ್ಚುತ್ತದೋ ಉಳಿಯುತ್ತದೋ ಎಂಬುದು ಉಲ್ರಿಕಾಳ ಒಂದು ಯೋಜನೆಯ ಮೇಲೆ ನಿಂತಿತ್ತು. ಬಿಸಿನೀರನ್ನು ಚೆಲ್ಲದೆ ಮತ್ತೆ ಬಳಸಿ ಖರ್ಚು ಉಳಿಸುವ ಒಳ್ಳೆಯ ಯೋಜನೆ. ಸ್ವೀಡನ್ನಿನಿಂದ ಬಂದ ಆ ಎಂಜಿನಿಯರ್ ಹುಡುಗಿ, ಬೆಳಗಿನ ಮೀಟಿಂಗಿನಲ್ಲಿ ನಿರ್ದೇಶಕ ದ್ಯುಕ್ರೋ ನಾಲ್ಕು ಮಾತು ಜೋರಾಗಿ ಆಡಿದ್ದೇ ತಡ, "ನೀವು ಹೇಳೋದೇ ಸರಿ, ಮೊಸ್ಯೂ" ಎಂದು ಕಾಗದ ಮಡಚಿಬಿಟ್ಟಿದ್ದಳು!

ಕಾಫಿ ಯಂತ್ರದ ಹತ್ತಿರ ಗಿಲೇನ್ ಅವಳನ್ನು ಅಡ್ಡಹಾಕಿದಳು.

"ಏನ್ರೀ, ನಾಲಿಗೆ ಬಿದ್ದುಹೋಗಿತ್ತಾ? ಯಾಕೆ ಒಪ್ಕೊಂಡ್ರಿ?"

"ಮೇಜು ಗುದ್ದಿದ್ರು ಮದಾಮ್. ನನ್ನ ಯೋಜನೆಗೆ ತಲೆಬುಡ ಇಲ್ಲ ಅಂದ್ರು. ಇನ್ನೇನ್ ಮಾಡ್ಲಿ?"

"ಹಿಡಿಸಿದ್ದಕ್ಕೇ ಗುದ್ದಿದ್ದು ಕಣ್ರೀ! ಬೇಡದ ಮಾತಿಗೆ ಆ ಮನುಷ್ಯ ಯಾಕೆ ಗಂಟಲು ಹರ್ಕೋತಾನೆ? ನೀವೂ ತಿರುಗಿ ಬಿದ್ದು ವಾದ ಮಾಡ್ಬೇಕಿತ್ತು. ಆಮೇಲೆ ಇಬ್ರೂ ನಗ್ತಾ ಊಟಕ್ಕೆ ಹೋಗ್ತಿದ್ರಿ."

"ಫ್ರೆಂಚ್ ಶಿಷ್ಟಾಚಾರದ ತರಬೇತೀಲಿ ಹಾಗೆ ಹೇಳ್ಲಿಲ್ವಲ್ಲ..."

"ಆ ತರಬೇತಿಗಿಷ್ಟು ಬೆಂಕಿ ಹಾಕ!"

ಒಳಗೆ ಕಾಲಿಟ್ಟ ಕೂಡಲೇ ಬೊಂಜೂರ್ ಅನ್ನಿ, ಊಟದಲ್ಲಿ ಎರಡೂ ಕೈ ಮೇಜಿನ ಮೇಲಿರಲಿ, ಊಟದ ಕೊನೆಗೆ ಚೀಸ್ ಬರುವ ತನಕ ವ್ಯವಹಾರ ಎತ್ತಬೇಡಿ. ಎರಡು ದಿನ ಇದನ್ನೇ ಅರೆದು ಕುಡಿಸಿದ್ದರಂತೆ. ವಿಭಾಗದ ಹದಿನಾಲ್ಕು ಜನರ ಹೊಟ್ಟೆಪಾಡಿಗೆ ಬೇಕಾಗಿದ್ದ, ಕೂಗಿದರೆ ತಿರುಗಿ ಕೂಗಬೇಕೆಂಬ ಆ ಒಂದು ಪಾಠ ಮಾತ್ರ ಯಾವನಿಗೂ ನೆನಪಾಗಲಿಲ್ಲ!

ಅದೇ ಸಿಟ್ಟಿನಲ್ಲಿ ಗಿಲೇನ್ ಹೋಗಿ ದ್ಯುಕ್ರೋನ ಬಾಗಿಲು ಬಡಿದಳು.

"ತನ್ನ ಮಾತನ್ನ ತಾನೇ ನಂಬದೋಳ ಹತ್ರ ನಾನೇನು ಮಾತಾಡ್ಲಿ?" ಎಂದ ಅವನು.

"ಹೊರಗಿಂದ ಬಂದೋಳು ಮೊಸ್ಯೂ! ನಿಮ್ಮ ಕೂಗಾಟದ ಅರ್ಥ ಅವಳಿಗೆ ಹೇಗೆ ಗೊತ್ತಾಗ್ಬೇಕು? ಅಷ್ಟೂ ತಿಳಿಯಲ್ವಾ ನಿಮ್ಗೆ?"

ಅವನು ಗೊಣಗುತ್ತಲೇ ಗುರುವಾರ ಇನ್ನೊಂದು ಮೀಟಿಂಗಿಗೆ ಒಪ್ಪಿದ. ಮೂರು ದಿನ ಊಟದ ಬಿಡುವಿನಲ್ಲಿ ಗಿಲೇನ್ ತಾನೇ ದ್ಯುಕ್ರೋ ಆಗಿ ಮೇಜು ಗುದ್ದಿ, ಬೈದು, ಆ ಹುಡುಗಿಗೆ ಎದುರುತ್ತರ ಕೊಡುವುದನ್ನು ಕಲಿಸಿದಳು. ಕೊನೆಯ ದಿನ ಉಲ್ರಿಕಾಳೂ ಒಂದು ಸಲ ಮೇಜು ಗುದ್ದಿದಳು. ಗಿಲೇನಳಿಗೆ ಜೀವ ಬಂದಂತಾಯಿತು.

ಗುರುವಾರ ಉಲ್ರಿಕಾ ಹತ್ತೇ ನಿಮಿಷಕ್ಕೆ ಹೊರಗೆ ಬಂದಳು. ಮುಖ ಅರಳಿತ್ತು.

"ಮದಾಮ್, ಜಗಳವೇ ಬೇಕಾಗ್ಲಿಲ್ಲ! ಒಂದು ಕೆಟ್ಟ ಮಾತೂ ಆಡ್ಲಿಲ್ಲ. ತುಂಬಾ ಸ್ವಾರಸ್ಯವಾಗಿದೆ ಅಂದ್ರು. ನಮ್ಮ ಊರಿನ ಬಗ್ಗೆ ವಿಚಾರಿಸಿದ್ರು. ಅವರೇ ಎದ್ದು ಬಂದು ಬಾಗಿಲು ತೆಗೆದು ಕೊಟ್ರು!"

ಗಿಲೇನ್ ಆ ಬಾಗಿಲನ್ನೇ ನೋಡಿದಳು. ಯೋಜನೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳುವ ಗೋಜಿಗೂ ದ್ಯುಕ್ರೋ ಹೋಗಲಿಲ್ಲ, ಪಾಪಿ!

"ಬಾಗಿಲೂ ತೆಗೆದ್ನಾ?" ಎಂದಳು. "ಹಾಗಾದ್ರೆ ಮುಗೀತು ಕಣಮ್ಮಾ. ನಮ್ಮನ್ನ ಮುಚ್ಚಿದ."