ಬಾನೆಟ್ ಕೆಳಗಿನ ಕೂಡುಕುಟುಂಬ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕೀಲಿ ತಿರುಗಿಸಿದಾಗ ಪಿಕಪ್ 'ಟಕ್' ಎಂದಿತು. ಅಷ್ಟೇ.

ಮಗಳು ಇನ್ನೊಮ್ಮೆ ತಿರುಗಿಸಿದಳು. ಟಕ್.

"ಅಳಿಯ ಏಳ್ತಿಲ್ಲ ಅನ್ಸುತ್ತೆ," ಎಂದಳು ಅಮ್ಮ, ಅಂಗಳದಲ್ಲಿ ಅಪ್ಪನ ಗಾಲಿಕುರ್ಚಿಗೆ ಬ್ರೇಕ್ ಹಾಕುತ್ತಾ.

ಅಳಿಯ ಎಂದರೆ ಸ್ಟಾರ್ಟರ್ ಮೋಟಾರು. ಇಪ್ಪತ್ತಾರು ವರ್ಷದ ಹಿಂದೆ ಈ ಡೀಸೆಲ್ ಗಾಡಿ ಮನೆಗೆ ಬಂದಾಗಿನಿಂದ ಅಪ್ಪ ಅದರ ಭಾಗಗಳಿಗೆಲ್ಲ ನೆಂಟರ ಹೆಸರಿಟ್ಟಿದ್ದ. ಬ್ಯಾಟರಿ ಅಜ್ಜಿ, ಚಳಿ ಬಿದ್ದರೆ ಮೈಯಲ್ಲಿ ಕಸುವಿರುವುದಿಲ್ಲ. ರೇಡಿಯೇಟರ್ ಅತ್ತೆ, ಸ್ವಲ್ಪ ಕಡಿಮೆಯಾದರೂ ಕುದಿಯುತ್ತಾಳೆ. ಸ್ಟಾರ್ಟರ್ ಅಳಿಯ, ಒಂದು ಸಲ ಕರೆದರೆ ಏಳುವ ಜಾತಿಯಲ್ಲ. "ಬಾನೆಟ್ ಕೆಳಗೆ ಇರೋದು ಎಂಜಿನ್ ಅಲ್ಲ ಕಣೇ, ಕೂಡುಕುಟುಂಬ. ಒಬ್ರು ಮುನಿಸ್ಕೊಂಡ್ರೆ ಎಲ್ರಿಗೂ ಉಪವಾಸ," ಎನ್ನುತ್ತಿದ್ದ.

ಈಗ ಅಪ್ಪ ಏನೂ ಅನ್ನುವುದಿಲ್ಲ. ಎಂಟು ತಿಂಗಳ ಹಿಂದೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮಾತಿನ ಚಿಕಿತ್ಸಾ ಕೇಂದ್ರದ ದಾಖಲೆಯ ಪ್ರಕಾರ ಅವನಿಗೆ ಉಳಿದಿರುವುದು ಐದು ಪದ: ಅಮ್ಮ, ಮನೆ, ಬೇಡ, ಹೂಂ, ಮತ್ತು ಬರೆಯಲಾಗದ ಒಂದು ಬೈಗುಳ. ಬೈಗುಳ ಮಾತ್ರ ಸ್ವಚ್ಛವಾಗಿ, ಪೂರ್ತಿ ಬರುತ್ತದೆ. ಕಾಯಿಲೆಯ ನಂತರ ಹೆಂಡತಿಯನ್ನೂ ಅವನು 'ಅಮ್ಮ' ಎಂದೇ ಕರೆಯುತ್ತಾನೆ.

ಆ ಕೇಂದ್ರದಲ್ಲಿ ಇಂದು ಹನ್ನೊಂದೂವರೆಗೆ ಅವನ ಪರೀಕ್ಷೆ. ಒಂದು ವಾರ ಜ್ವರ, ಇನ್ನೊಂದು ವಾರ ಪಂಕ್ಚರ್. ಎರಡು ಸಲ ಈಗಾಗಲೇ ತಪ್ಪಿತ್ತು. ಮೂರನೆಯ ಸಲ ತಪ್ಪಿದರೆ ಅವನ ಜಾಗ ಕಾಯುವವರ ಪಟ್ಟಿಯ ಮೊದಲಿನವರಿಗೆ ಹೋಗುತ್ತದೆ. ಪಟ್ಟಿಯಲ್ಲಿ ನಲವತ್ತೇಳು ಜನರಿದ್ದರು. ದಾರಿ ನಲವತ್ತು ನಿಮಿಷದ್ದು. ಬಾಡಿಗೆ ಕಾರಿಗೆ ಹತ್ತಿಸಲು ಹೋಗಿ ಒಮ್ಮೆ ಅಪ್ಪನನ್ನು ಬೀಳಿಸಿ ಭುಜ ಉಳುಕಿಸಿದ್ದರು. ಅಂದಿನಿಂದ ಪಿಕಪ್ಪೇ ಗತಿ. ಹಿಂಬದಿಗೆ ಹಲಗೆಯ ಇಳಿಜಾರು ಹಾಕಿ, ಕುರ್ಚಿ ಸಮೇತ ಹತ್ತಿಸಿ, ಬೆಲ್ಟ್ ಬಿಗಿದು ಕರೆದೊಯ್ಯುತ್ತಿದ್ದರು.

ಮಗಳು ಬಾನೆಟ್ ಎತ್ತಿದಳು. ಅವಳ ಕೆಲಸ ಲಾರಿ ತೂಗುವ ಕಾಟಾದಲ್ಲಿ. ಅಂಕಿ ನೋಡದೆ ಏನನ್ನೂ ನಂಬುವವಳಲ್ಲ. ಅದಕ್ಕೇ ಅಪ್ಪ ಅವಳನ್ನು 'ತಕ್ಕಡಿ' ಎಂದು ರೇಗಿಸುತ್ತಿದ್ದುದು. ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದಳು. ಹನ್ನೆರಡು ಪಾಯಿಂಟ್ ಆರು ವೋಲ್ಟ್.

"ಅಜ್ಜಿ ಗಟ್ಟಿಮುಟ್ಟಾಗಿದ್ದಾಳೆ. ಅಮ್ಮ, ಕೀ ತಿರುಗಿಸು."

ಟಕ್. ಹನ್ನೆರಡು ಪಾಯಿಂಟ್ ನಾಲ್ಕು. ಉರಿಸಿಟ್ಟಿದ್ದ ಹೆಡ್‌ಲೈಟು ಮಂಕಾಗಲಿಲ್ಲ.

ಅಂದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಸ್ಟಾರ್ಟರಿಗೆ ಖರ್ಚಾಗುತ್ತಿಲ್ಲ. ಇಷ್ಟರವರೆಗೆ ಅವಳ ಲೆಕ್ಕ ಸರಿಯಿತ್ತು. ಮುಂದಿನದು ತಪ್ಪಿತು: ಹಾಗಾದರೆ ಸ್ಟಾರ್ಟರೇ ಕೆಟ್ಟಿರಬೇಕು ಎಂದುಕೊಂಡಳು.

ಆಗ ಅಪ್ಪ ಬಾಯಿ ತೆರೆದ. "ಅಮ್ಮ. ಮನೆ."

"ಸೆಖೆ ಆಯ್ತೇನೋ," ಎಂದು ಅಮ್ಮ ಅವನನ್ನು ಒಳಗೆ ತಳ್ಳಿಕೊಂಡು ಹೋಗಿ ಫ್ಯಾನ್ ಕೆಳಗೆ ಬಿಟ್ಟಳು. ಅವನು ಎಡಗೈಯಿಂದ ಬಾಗಿಲಿನ ಚೌಕಟ್ಟು ಹಿಡಿದು "ಬೇಡ, ಬೇಡ" ಎಂದ. ಮತ್ತೆ ಅಂಗಳಕ್ಕೆ ತಂದಳು.

ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಒಂದು ತಲೆ ಕಾಣಿಸಿತು. ನಿವೃತ್ತ ಬಸ್ ಕಂಡಕ್ಟರ್.

"ಏನಮ್ಮಾ ತಕ್ಕಡಿ, ಗಾಡಿ ಮುಷ್ಕರ ಹೂಡಿದ್ಯಾ?"

"ಸ್ಟಾರ್ಟರ್, ಕಂಡಕ್ಟ್ರೇ."

"ಡೀಸೆಲ್ ಗಾಡಿ ತಾನೇ, ತಳ್ಳಿ. ಮೂವತ್ತು ವರ್ಷ ತಳ್ಳಿಸಿದ್ದೀನಿ ನಾನು."

"ನೀವು ತಳ್ಳಿಸಿದ್ದೀರಿ, ತಳ್ಳಿಲ್ಲ," ಎಂದಳು ಅಮ್ಮ. "ರಸ್ತೆ ನೋಡಿ, ಎರಡೂ ಕಡೆ ಏರು. ನಾವಿಬ್ರು ಹೆಂಗಸ್ರು, ನೀವೊಬ್ರು ಹಾರ್ಟ್ ಬೈಪಾಸ್ ಆದವ್ರು."

"ಹಾಗಾದ್ರೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ," ಎಂದು ತಲೆ ಇಳಿಯಿತು.

ಮೆಕ್ಯಾನಿಕ್ ಹಿಂದೆ ಅಪ್ಪನ ಜೊತೆ ಇದೇ ಗಾಡಿಯಲ್ಲಿ ಗಾಜು ಸಾಗಿಸುತ್ತಿದ್ದವನು. ಅವನ ಫೋನು ವ್ಯಾಪ್ತಿ ಪ್ರದೇಶದ ಹೊರಗಿತ್ತು. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಗೆ ಹೋಗಿದ್ದಾನೆ, ಹನ್ನೊಂದರ ಮೇಲೆ ಸಿಗುತ್ತಾನೆ ಎಂದು ಅವನ ಹೆಂಡತಿ ತಿಳಿಸಿದಳು.

ಮಗಳು ಗಾಡಿಯ ಕೆಳಗೆ ಗೋಣಿ ಹಾಸಿ ಮಲಗಿದಳು. ಸುತ್ತಿಗೆಯ ಹಿಡಿಯಿಂದ ಸ್ಟಾರ್ಟರಿನ ಮೈಮೇಲೆ ನಾಲ್ಕು ಪೆಟ್ಟು ಕೊಟ್ಟಳು. ಮೊಂಡು ಬಿದ್ದ ಅಳಿಯನಿಗೆ ಅಪ್ಪ ಮಾಡುತ್ತಿದ್ದ ಉಪಚಾರ ಅದು. ಟಕ್. ಬ್ಯಾಟರಿಯ ತಂತಿ ಬಿಚ್ಚಿ, ಸ್ಟಾರ್ಟರಿನ ದಪ್ಪ ವಯರು ತೆಗೆದು, ತುದಿಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದಳು. ಟಕ್. ಸ್ಟಾರ್ಟರಿಗೆ ಕರೆಂಟು ಬಿಡುವ ರಿಲೇ ಕಿತ್ತು ಹಾರ್ನಿನ ರಿಲೇ ಹಾಕಿದಳು. ಟಕ್. ಒಂದೊಂದಕ್ಕೂ ಹತ್ತು ಹದಿನೈದು ನಿಮಿಷ. ಬಿಚ್ಚಿದ ನಟ್ಟು ಒಮ್ಮೆ ಕೈಜಾರಿ ಎಂಜಿನ್ನಿನ ಸಂದಿಯಲ್ಲಿ ಮಾಯವಾಯಿತು. ಅದಕ್ಕೆ ಇನ್ನೂ ಎಂಟು ನಿಮಿಷ.

"ಅಮ್ಮ. ಮನೆ," ಎಂದ ಅಪ್ಪ. ಎಡಗೈ ಎತ್ತಿ ಗಾಡಿಯ ಕಡೆ ಆಡಿಸಿದ. ಗಾಡಿಯ ಆಚೆಗೇ ಮನೆಯ ಬಾಗಿಲು ಇತ್ತು.

"ಇವತ್ತು ಹೋಗೋದು ಬೇಡ ಅಂತಿದ್ದಾರೆ," ಎಂದಳು ಅಮ್ಮ. "ಹೆದರ್ಕೊಂಡಿದ್ದಾರೆ ಪಾಪ. ಪರೀಕ್ಷೆ ಅಂದ್ರೆ ನಂಗೂ ಕೈಕಾಲು ನಡುಗ್ತಿತ್ತು." ಎರಡನೆಯ ಸಲ ಒಳಗೆ ತಳ್ಳಿದಳು. ಈ ಸಲ ಅವನು ಆ ಬೈಗುಳ ಬೈದ. ಕಾಂಪೌಂಡಿನ ಆಚೆಯಿಂದ "ಆಹಾ, ಮಾತು ಬಂತು!" ಎಂದು ಕಂಡಕ್ಟರ್ ಕೂಗಿದ. ಅಮ್ಮ ನಕ್ಕಳು. ಅಪ್ಪನ ಕಣ್ಣಲ್ಲಿ ನೀರಿತ್ತು. ಅದನ್ನು ಒರೆಸಿ ಮತ್ತೆ ಹೊರಗೆ ತಂದಳು.

ಹತ್ತೂ ಮುಕ್ಕಾಲು ದಾಟಿತು. ಈಗ ಕುರ್ಚಿ ಹತ್ತಿಸಿ ಹೊರಟರೂ ತಡವೇ. ಹನ್ನೊಂದೂವರೆಯೊಳಗೆ ದಾರಿಯಲ್ಲಿದ್ದೇವೆ ಎಂದರೆ ಕೇಂದ್ರದವರು ಒಪ್ಪಿಯಾರು ಎಂಬುದೊಂದೇ ಆಸೆ ಉಳಿದಿತ್ತು. ಮಗಳು ಬಾನೆಟ್ಟಿನ ಅಂಚಿಗೆ ಎರಡೂ ಕೈ ಊರಿ ನಿಂತಳು. ಎಲ್ಲವೂ ಕಣ್ಣೆದುರು ಇತ್ತು. ಏನೂ ಕಾಣುತ್ತಿರಲಿಲ್ಲ.

"ಅಪ್ಪಾ, ಯಾರು ಮುನಿಸ್ಕೊಂಡಿದ್ದಾರೆ ಹೇಳು," ಎಂದಳು, ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ.

"ಅಮ್ಮ," ಎಂದ ಅಪ್ಪ. ತುಂಬ ಹೊತ್ತು ತುಟಿ ಅಲುಗಿತು. "ಮನೆ."

"ಆಯ್ತಪ್ಪ. ಹೋಗೋಣ ಮನೆಗೆ. ಸ್ವಲ್ಪ ತಡಿ."

ಹನ್ನೊಂದು ಹದಿನಾರಕ್ಕೆ ಮೆಕ್ಯಾನಿಕ್ಕೇ ಫೋನ್ ಮಾಡಿದ. ಅವಳು ಮಾಡಿದ್ದನ್ನೆಲ್ಲ ಒಂದಾದ ಮೇಲೊಂದು ಹೇಳಿದಳು.

"ತವರು ನೋಡಿದ್ಯಾ ತಂಗಿ?"

"ಏನು?"

"ಅರ್ಥಿಂಗ್. ಗಾಡಿ ಅಡಿಯ ಚಾಸಿಯಿಂದ ಎಂಜಿನ್ನಿಗೆ ಒಂದು ಹೆಣೆದ ಪಟ್ಟಿ ಹೋಗುತ್ತೆ ನೋಡು, ಜಡೆ ತರ. ಯಾವ ವಯರಲ್ಲಿ ಹೊರಟ್ರೂ ಕರೆಂಟು ಕೊನೆಗೆ ವಾಪಸ್ ಬರೋದು ಅದೊಂದೇ ದಾರೀಲಿ. ಅದಕ್ಕೇ ನಿಮ್ಮಪ್ಪ ತವರು ಅಂತಿದ್ರಲ್ಲ. 'ತವರಿನ ದಾರಿ ಮುಚ್ಚಿದ್ರೆ ಯಾವ ಹೆಣ್ಣೂ ಹೊಸ್ತಿಲು ದಾಟಲ್ಲ' ಅಂತ. ಮರ್ತುಹೋಯ್ತಾ?"

ಮರೆತಿರಲಿಲ್ಲ. ಅವಳಿಗೆ ಅದು ಗೊತ್ತೇ ಇರಲಿಲ್ಲ. ಆ ಹೆಸರು ಗಾಜಿನ ಲೋಡಿನ ದಿನಗಳದ್ದು, ಅವರಿಬ್ಬರ ನಡುವಿನದು.

ಫೋನು ಕಿವಿಯಲ್ಲಿಟ್ಟುಕೊಂಡೇ ಅವಳು ಅಪ್ಪನ ಕಡೆ ತಿರುಗಿದಳು. ತವರು. ಅಮ್ಮನ ಮನೆ. ಇಡೀ ಪದ ನಾಲಿಗೆಗೆ ಬಾರದೆ, ಅವನು ಅದನ್ನು ತನ್ನಲ್ಲಿ ಉಳಿದಿದ್ದ ಐದರಲ್ಲಿ ಎರಡರಿಂದ ಕಟ್ಟಿದ್ದ. ಬೆಳಗಿನಿಂದ ಅದನ್ನೇ ಹೇಳುತ್ತಿದ್ದ. ಅವರು ಅವನನ್ನು ಎರಡು ಸಲ ಫ್ಯಾನ್ ಕೆಳಗೆ ಬಿಟ್ಟಿದ್ದರು.

ಪಟ್ಟಿ ಎಂಜಿನ್ನಿನ ಹಿಂಬದಿಯಲ್ಲಿ, ಕೈ ಹಾಕಿ ತಡವಿದರೆ ಮಾತ್ರ ಸಿಗುವ ಜಾಗದಲ್ಲಿತ್ತು. ಮುಟ್ಟಿದಾಗ ಹಸಿರು ಪುಡಿ ಉದುರಿ, ನಾಲ್ಕೈದು ಎಳೆ ಮಾತ್ರ ಉಳಿದದ್ದು ತಿಳಿಯಿತು. ಮೆಕ್ಯಾನಿಕ್ ಹೇಳಿದಂತೆ, ಆ ಪಟ್ಟಿಯ ಬದಲಿಗೆ, ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿದಳು. ಅಮ್ಮ ಕೀ ತಿರುಗಿಸಿದಳು. ಎಂಜಿನ್ ಮೊದಲ ಸುತ್ತಿಗೇ ಎದ್ದಿತು.

ಹನ್ನೊಂದು ಇಪ್ಪತ್ತೆಂಟು.

ಮಗಳು ಮಸಿಗೈಯಲ್ಲೇ ಕೇಂದ್ರಕ್ಕೆ ಫೋನ್ ಮಾಡಿದಳು. ಅತ್ತಲಿನ ಹೆಣ್ಣುದನಿ ಮೃದುವಾಗಿತ್ತು. ಸಮಯಕ್ಕೆ ಎದುರಿಗಿದ್ದರೆ ಮಾತ್ರ ಹಾಜರಿ. ಮುಂದಿನವರು ಆಗಲೇ ಬಂದು ಕೂತಿದ್ದಾರೆ. ಹೆಸರು ಹೊಸದಾಗಿ ಬರೆಸಿ, ನಾಲ್ಕು ತಿಂಗಳಾಗಬಹುದು.

"ಮೇಡಂ, ಇವತ್ತು ಅವ್ರು ಹೊಸದೊಂದು ಮಾತಾಡಿದ್ರು. ಅರ್ಥ ಇಟ್ಕೊಂಡು. ಗಾಡಿಯಲ್ಲಿ ಏನು ಕೆಟ್ಟಿದೆ ಅಂತ ಹೇಳಿದ್ರು."

"ಒಳ್ಳೇದು. ಫೈಲಲ್ಲಿ ಬರೀತೀನಿ. ಯಾವ ಪದ?"

"ಅಮ್ಮ, ಮನೆ."

ಕೀಲಿಮಣೆಯ ಸದ್ದು ಕೇಳಿಸಿತು, ನಿಂತಿತು. "ಅವೆರಡೂ ಅವ್ರ ಪದಗಳ ಪಟ್ಟೀಲಿ ಮೊದ್ಲೇ ಇವೆಯಲ್ಲಮ್ಮ."

ಅವಳು ಫೋನು ಇಟ್ಟಳು. ಎಂಜಿನ್ ಓಡುತ್ತಲೇ ಇತ್ತು. ಆರಿಸಲು ಯಾರಿಗೂ ಕೈ ಬರಲಿಲ್ಲ. ಅವಳು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, "ಸರಿಯಾಗೇ ಹೇಳಿದ್ದೆ ನೀನು," ಎಂದಳು.

ಅಪ್ಪ ಅವಳನ್ನೇ ನೋಡಿದ. "ಅಮ್ಮ. ಮನೆ."

ಅವಳು ಧಡಕ್ಕನೆ ಎದ್ದು ಬಾನೆಟ್ಟಿನೊಳಗೆ ಬಗ್ಗಿದಳು. ಕೇಬಲಿನ ಹಿಡಿಕೆ ಅಲುಗಿಸಿದಳು, ಬಿಗಿಯಾಗಿತ್ತು. ಪಟ್ಟಿಯನ್ನು ತಡವಿದಳು, ಎಳೆಗಳು ಹಾಗೇ ಇದ್ದವು.

"ಅಮ್ಮ. ಮನೆ."

"ಎಲ್ಲಪ್ಪಾ? ಇಲ್ಲಿ? ಈ ತುದೀಲಾ?"

"ಬಾನೆಟ್ ಬಿಡೇ," ಎಂದಳು ಅಮ್ಮ. ಅಂಗಳದ ನೆರಳು ಗೋಡೆಗೆ ಸರಿದು, ಬಿಸಿಲು ನೇರ ಅವನ ಮುಖಕ್ಕೆ ಹೊಡೆಯುತ್ತಿತ್ತು. "ಒಳಗೆ ಕರ್ಕೊಂಡು ಹೋಗು ಅಂತಿದ್ದಾರೆ."

ಅಮ್ಮ ಕುರ್ಚಿಯ ಬ್ರೇಕ್ ಸಡಿಲಿಸಿದಳು. ಈ ಸಲ ಅಪ್ಪ ಬಾಗಿಲಿನ ಚೌಕಟ್ಟು ಹಿಡಿಯಲಿಲ್ಲ.