ಹತ್ತು ಸಾವಿರ ಲ್ಯೂಮೆನ್

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮಾಧವ ಕಂಪನಿ ಕೊಟ್ಟ ಹೊಸ ಟಾರ್ಚನ್ನು ಮಗ್ಗಿನಲ್ಲಿ ನೆಟ್ಟಗೆ ನಿಲ್ಲಿಸಿದ್ದ. ಬಿಳಿಯ ಚಾವಣಿಗೆ ಬಡಿದು ಕೆಳಗೆ ಬೀಳುವ ಬೆಳಕನ್ನು ಮೀಟರಿನಲ್ಲಿ ಅಳೆಯುತ್ತಿದ್ದ. ಹೋಲಿಕೆಗಾಗಿ ಅಡುಗೆಮನೆಯ ಬಲ್ಬನ್ನು ಮೊದಲೇ ಅಳೆದಾಗಿತ್ತು.

"ರೀ, ಸಂಶೋಧನೆ ಮುಗೀತಾ? ನಂಗೆ ಸಾಲ್ಟ್ ಲೇಕ್ ಬಸ್ಸು ತಪ್ಪುತ್ತೆ," ಹೆಂಡತಿ ವಿಶಾಲಾಕ್ಷಿ ಬಾಗಿಲು ಬಡಿದಳು.

"ಹತ್ತು ಸಾವಿರ ಲ್ಯೂಮೆನ್ ಬೆಳಕು ಅಂತ ಡಬ್ಬಿ ಮೇಲೆ ಬರೆದಿದ್ದಾರೆ ಕಣೆ. ನಮ್ಮ ಬಲ್ಬಿನ ಅರ್ಧದಷ್ಟೂ ಇಲ್ಲ!"

"ಹಾಗಾದ್ರೆ ಬಲ್ಬನ್ನೇ ಹಡಗಿಗೆ ತಗೊಂಡ್ಹೋಗಿ. ಈಗ ಹೊರಗೆ ಬನ್ನಿ."

ಮಾಧವನಿಗೆ ನಗು ಬರಲಿಲ್ಲ. ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಅಕ್ಕಿ ತುಂಬುವ ಮೊದಲು ಹಡಗಿನ ಒಡಲಿಗೆ ಇಳಿದು, ಹಿಂದಿನ ಸರಕಿನ ಕಾಳಾಗಲಿ ಹುಳವಾಗಲಿ ಉಳಿದಿಲ್ಲವೆಂದು ಸಹಿ ಹಾಕುವುದು ಅವನ ಕೆಲಸ. ಮುಂದೆ ಅಕ್ಕಿ ಕೆಟ್ಟರೆ ಸಹಿ ಮಾಡಿದವನ ಕೆಲಸಕ್ಕೇ ಸಂಚಕಾರ. ಈ ಟಾರ್ಚುಗಳು ಬಂದ ಮೇಲೆ ಒಂದು ಹಡಗೂ ತಪಾಸಣೆಯಲ್ಲಿ ನಪಾಸಾಗಿರಲಿಲ್ಲ. ಕಾಣದ ಕೊಳೆಯನ್ನು ಯಾರು ತಾನೇ ತಪ್ಪೆಂದು ಬರೆದಾರು?

ಆಫೀಸಿನಲ್ಲಿ ಧಾರವಾಡದ ಬದರಿನಾಥರು, ತಪಾಸಣಾ ಕಂಪನಿಯ ಮಾಲೀಕರು, ಅವನ ಲೆಕ್ಕವನ್ನೆಲ್ಲ ಕೇಳಿ, "ಎಲ್ಲೆ ಅಳದ್ರಿ ಇದನ್ನ?" ಎಂದರು.

"ಬಚ್ಚಲಲ್ಲಿ, ಸರ್."

"ಬಚ್ಚಲದಾಗ ಅಳದದ್ದನ್ನ ಗಿರಾಕಿಗೆ ಹ್ಯಾಂಗ ಹೇಳ್ಲಿ ಮಾರಾಯಾ?" ಟಾರ್ಚನ್ನು ತಮ್ಮ ಮುಖಕ್ಕೇ ತಿರುಗಿಸಿ ಹೊತ್ತಿಸಿದರು. "ಅಬಬಬ! ನೋಡ್ರಿ, ಕಣ್ಣು ಕುಕ್ಕತದ."

"ಕಣ್ಣಿಗಲ್ಲ ಸರ್, ಗೋಡೆಗೆ ಬಿಡಬೇಕು."

ಅಂದು ಮಾಧವ ತನ್ನದೇ ಟಾರ್ಚ್ ಹಿಡಿದು ಹಡಗಿಗೆ ಇಳಿದ. ಅದರ ಡಬ್ಬಿಯ ಮೇಲೆ ಸಾವಿರ ಲ್ಯೂಮೆನ್ ಎಂದಿತ್ತು. ಅಳೆದರೂ ಸಾವಿರವೇ ಬರುತ್ತಿತ್ತು. ಪಕ್ಕೆಲುಬುಗಳಂತೆ ನಿಂತ ಉಕ್ಕಿನ ಪಟ್ಟಿಗಳ ಹಿಂದೆ ಹಳೆಯ ಗೋಧಿ ಹೆಪ್ಪುಗಟ್ಟಿ ಕೂತಿದ್ದು ಸ್ಪಷ್ಟವಾಗಿ ಕಂಡಿತು. ತೊಳೆಯದೆ ಅಕ್ಕಿ ತುಂಬಕೂಡದೆಂದು ಹೇಳಿದ. ಹಡಗಿನ ಏಜೆಂಟ್ ಫೋನು ಮಾಡಿದ್ದೇ ತಡ, ಬದರಿನಾಥರು ಕಾರಿನಲ್ಲಿ ಬಂದಿಳಿದರು.

"ಕರಾರಿನ್ಯಾಗ ಹತ್ತು ಸಾವಿರದ ಬ್ಯಾಟರೀಲೆ ನೋಡಬೇಕು ಅಂತ ಅದ. ನಿಮ್ದು ಬರೇ ಒಂದು ಸಾವಿರದ್ದು. ಇಂಥಾ ಮಬ್ಬು ಬೆಳಕಿನ್ಯಾಗ ನೋಡಿ ಹಡಗು ನಿಲ್ಲಸೂದಂದ್ರ ಏನ್ರಿ ಮಾಧವ?"

ಮಾಧವ ಹಲ್ಲು ಕಚ್ಚಿಕೊಂಡ. "ಸರಿ ಸರ್. ಹತ್ತು ಸಾವಿರದಲ್ಲೇ ನೋಡೋಣ. ನೀವೇ ಹಿಡ್ಕೊಂಡು ಇಳೀರಿ."

ಹೊಳೆಯುವ ಬೂಟು ಹಾಕಿದ್ದ ಬದರಿನಾಥರು ಗೊಣಗುತ್ತಲೇ ಕಬ್ಬಿಣದ ಏಣಿ ಇಳಿದರು; ಹಿಂದೆಯೇ ಮಾಧವನೂ ಇಳಿದ. ಕಂಪನಿಯ ಟಾರ್ಚನ್ನು ಅತ್ತಿತ್ತ ಆಡಿಸಿದರು. ಗೋಡೆ ಬೂದು, ಪಟ್ಟಿ ಬೂದು, ಸಂದಿಯೂ ಬೂದು.

"ಏನೂ ಇಲ್ಲಲ್ರೀ! ಸ್ವಚ್ಛ ಅದ. ಸಹಿ ಮಾಡ್ರಿ."

"ಮಾಡಲ್ಲ ಸರ್."

ಮಾಧವ ಪಟ್ಟಿಯ ಹಿಂದೆ ಮೊಳಕೈವರೆಗೂ ಕೈ ತೂರಿಸಿ, ಒಂದು ಹಿಡಿ ಬಾಚಿ ತಂದು, ಅವರ ಕೈಯಲ್ಲೇ ಉರಿಯುತ್ತಿದ್ದ ಟಾರ್ಚಿನ ಗಾಜಿನ ಮೇಲೆ ಸುರಿದ. ಕಪ್ಪಾದ ಗೋಧಿ. ಬೆಳಕಿಗೆ ಗಾಬರಿಬಿದ್ದ ನುಸಿಹುಳಗಳು ಗಾಜು ದಾಟಿ, ಹರಳಿನ ಉಂಗುರ ದಾಟಿ, ತೋಳಿನ ಬಿಳಿ ಬಟ್ಟೆಯ ಮೇಲೆ ಹರಿದವು.

"ಥೂ! ಥೂ!" ಬದರಿನಾಥರು ಕೈ ಕೊಡವಿಕೊಂಡರು. ಮೇಲೆ ಬಗ್ಗಿ ನೋಡುತ್ತಿದ್ದ ಏಜೆಂಟನಿಗೆ, ಪೂರ್ತಿ ತೊಳೆಸುವವರೆಗೆ ಒಂದು ಚೀಲವೂ ಇಳಿಯಕೂಡದೆಂದು ಹಿಂದಿಯಲ್ಲಿ ಕೂಗಿದರು.

ಮಾಧವ ಉಸಿರು ಬಿಟ್ಟ. ಇನ್ನಾದರೂ ಅರ್ಥವಾಗಿರಬೇಕು.

ಬದರಿನಾಥರು ಟಾರ್ಚಿನ ಗಾಜನ್ನು ಕರವಸ್ತ್ರದಿಂದ ಒರೆಸಿದರು. "ಸುಮ್ನ ಬೈತಿದ್ರಿ ಇದಕ್ಕ. ಹುಳದ ಕಾಲು ಸುದ್ದಾ ಎಷ್ಟು ಛಲೋ ಕಾಣಸ್ತು ನೋಡ್ರಿ! ಇನ್ನೊಂದು ಡಜನ್ ತರಿಸ್ತೀನಿ."

ಬದರಿನಾಥರು ಏಣಿಯತ್ತ ಹೋಗಿ, ಕಾಲಿನಿಂದ ಮೆಟ್ಟಿಲು ತಡಕಾಡಿ, ತಿರುಗಿ ನೋಡದೆಯೇ ಕೂಗಿದರು:

"ನಿಮ್ದು ಹಚ್ಚರಿ ಸ್ವಲ್ಪ. ಮೆಟ್ಟಲಾ ಕಾಣವಲ್ದು."