ಬೋರಲು ಬೀಳಲು ಒಂದು ಜಾಕೀಟು

ನಿಮ್ಮಪ್ಪನ ಮಾರಿ ಕರಡಿ ತಿಂತು, ನಿನ್ನ ಗಂಡಸ್ತನ ಯಾವ್ದು ತಿಂತಲೇ ಮಲ್ಲೇಶ, ಕರಡಿ ಕಾಣೂಕಿನ್ನ ಮೊದ್ಲ ಬಿದ್ದೀಯಲ್ಲ — ಅಂದವನು ಸಿದ್ದಲಿಂಗೇಶ, ಕರಡಿ ಓಡಿಸುವ ನಮ್ಮ ತಂಡದ ಮುಖಂಡ, ಅವನು ಅಂದರೆ ಉಳಿದವರು ನಗಬೇಕು, ನಕ್ಕರು, ನನ್ನ ಗೆಳೆಯ ಸಾದಿಕನೂ ನಕ್ಕ, ನಾನಿನ್ನೂ ತಳಕಲ್ ಗುಡ್ಡದ ಬುಡದಲ್ಲಿ ಬೋರಲಾಗಿ ಬಿದ್ದೇ ಇದ್ದೆ, ಕಾದ ನೆಲ, ಎದೆಗೆ ಕಟ್ಟಿದ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಬುಟ್ಟಿ ಕವುಚಿಟ್ಟ ಹಾಗೆ ನನ್ನನ್ನು ಎತ್ತಿ ಹಿಡಿದಿದೆ — ಬಿದ್ದು ನೋಡದೆ ಕವಚ ಆರಿಸುವುದು ಹೇಗೆ, ಮುಂಜಾನೆ ಹೊಲಕ್ಕಿಳಿದ ಕರಡಿ ಮೇಲಿನ ಬಂಡೆಗಳಲ್ಲಿ ಕೂತಿದೆ, ಅರಣ್ಯ ಇಲಾಖೆಯ ಜೀಪಿನಿಂದ ಇಳಿದದ್ದು ಎರಡು ಥರ, ಒಂದು ಕಲ್ಲುತೂರಾಟದ ದಿನ ಪೊಲೀಸರು ಹಾಕುವಂಥ ಈ ಕರಿ ಚಿಪ್ಪು, ಇನ್ನೊಂದು ಪದರು ಪದರು ದಪ್ಪ ಬಟ್ಟೆಯ ಜಾಕೀಟು, ಕುತ್ತಿಗೆ ಮುಚ್ಚುವ ಕಾಲರು, ನೋಡಲು ಗಾದಿ, ಅದನ್ನು ಯಾರೂ ಮುಟ್ಟಲಿಲ್ಲ, ಎಲ್ಲರೂ ಚಿಪ್ಪು ತೊಟ್ಟು ಫೋಟೋ ತೆಗೆಸಿಕೊಂಡರು, ಸಿದ್ದಲಿಂಗೇಶ ಎದೆ ಬಡಿದು ಸದ್ದು ಕೇಳಿಸಿದ, ಬಡಿ, ಇನ್ನೂ ಬಡಿ, ಕರಡಿ ಎದೆಗೆಲ್ಲಿ ಬರುತ್ತದೆ, ನಿಂತವನ ಮುಖಕ್ಕೆ ಬರುತ್ತದೆ, ಬಿದ್ದವನ ಕುತ್ತಿಗೆಗೆ —

ಅಪ್ಪ ಸೀತಾಫಲ ಕೀಳಲು ಹೋಗಿದ್ದ, ಓಡಿದ, ಓಡುವವನನ್ನು ಅದು ಹಿಡಿದು ತನ್ನ ಕಡೆ ತಿರುಗಿಸಿಕೊಂಡಿತು, ಈಗ ಎಡಗಣ್ಣಿಗೆ ರೆಪ್ಪೆ ಇಲ್ಲ, ನಿದ್ದೆಯಲ್ಲೂ ಆ ಕಣ್ಣು ತೆರೆದೇ ಇರುತ್ತದೆ, ಚಹಾ ಬಾಯಿಯ ಒಂದು ಬದಿಯಿಂದ ಒಳಗೆ, ಇನ್ನೊಂದು ಬದಿಯಿಂದ ಹೊರಗೆ, ಅವ್ವ ಸೆರಗಿನಿಂದ ಒರೆಸುತ್ತಾಳೆ, ಬೋರಲ ಬಿದ್ದು ಕುತ್ತಿಗಿ ಮ್ಯಾಲೆ ಬೆರಳು ಹೆಣಕೊಂಡಿದ್ರ ಮಾರಿ ಉಳೀತಿತ್ತಪಾ, ಅನ್ನುತ್ತಾನೆ, ಆಸ್ಪತ್ರೆಯ ಆ ವರ್ಷವೇ ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟೆ, ಕಲಿತದ್ದು ಇದನ್ನೇ, ಬೀಳು, ಮುಖ ಮಣ್ಣಿಗೆ ಒತ್ತು, ಉಸಿರು ಹಿಡಿ — ಚಿಪ್ಪು ಕಟ್ಟಿಕೊಂಡು ಬಿದ್ದರೆ ಗದ್ದ ನೆಲ ಮುಟ್ಟುತ್ತಿಲ್ಲ, ಮುಖದ ಕೆಳಗೆ ನಾಲ್ಕು ಬೆರಳಿನಷ್ಟು ಗಾಳಿ, ಪಂಜ ತೂರಲು ಅಷ್ಟು ಸಾಕು, ಅಪ್ಪನ ಆ ಕಣ್ಣು, ಎದ್ದೆ, ಬಿಚ್ಚಿ ಎಸೆದೆ, ಗಾದಿ ತೊಟ್ಟು ಎಲ್ಲರೆದುರೇ ಮತ್ತೆ ಬಿದ್ದೆ, ಗದ್ದ, ಮೂಗು, ಹಣೆ ಎಲ್ಲ ಮಣ್ಣಿಗೆ, ಕಾಲರಿನ ಮೇಲೆ ಬೆರಳು, ಬೆನ್ನಿನ ಪದರು ಹರಿದರೆ ಹರಿಯಲಿ, ಇದೇ ನನ್ನದು —

ಸಾದಿಕ ಕಿವಿಯಲ್ಲಿ ಗೊಣಗಿದ, ಚಿಪ್ಪು ಹಾಕ್ಕೊಳೋ, ಇಲ್ಲಾಂದ್ರ ಅವ ನಿನ್ನ ಎಲ್ಲಾರ ಹಿಂದ ನಿಲ್ಲಿಸಿ ಕರಡಿ ಬೆದರಸೂ ಪಟಾಕಿ ಚೀಲ ಹೊರಸ್ತಾನ, ಹೊರಿಸಲಿ ನೋಡೋಣ, ಸಿದ್ದಲಿಂಗೇಶ ಬಿಡಲಿಲ್ಲ, ಗಾದಿ ಸಿಕ್ತು, ದಿಂಬು ಬೇಕೇನಲೇ, ಮಾತಾಡಲೇ, ನಾಲಗಿ ಎಲ್ಲಿಟ್ಟಿ — ಮುಷ್ಟಿ ಬಿಗಿಯಿತು, ಅವನ ಮುಖ, ಎರಡೂ ರೆಪ್ಪೆ ಇರುವ ನುಣ್ಣನೆಯ ಮುಖ, ಒಂದು ಗುದ್ದು ಸಾಕಿತ್ತು, ಒಂದು ಬೈಗುಳ ಸಾಕಿತ್ತು, ಬಾಯಿಯ ಮಣ್ಣು ಉಗುಳಿದೆ, ಕಾಲರಿನ ಗುಂಡಿ ಹಾಕಿದೆ, ಕೋಲು ತೆಗೆದುಕೊಂಡು ಅವನನ್ನು ದಾಟಿ, ಚಿಪ್ಪಿನವರನ್ನೆಲ್ಲ ದಾಟಿ ಗುಡ್ಡ ಹತ್ತತೊಡಗಿದೆ, ಹಿಂದಿನಿಂದ ಇನ್ನೂ ಕೂಗುತ್ತಿದ್ದಾನೆ, ಮೇಲೆ ಎರಡು ಬಂಡೆಗಳ ನಡುವೆ ಕತ್ತಲು, ಕತ್ತಲಲ್ಲಿ ಉಸಿರು —